ಕಾರ್ಲ್ ವೈಪ್ರೆಕ್ಟ್: ನೌಕಾಧಿಕಾರಿ ಧ್ರುವ ಹವಾಮಾನದ ಕಡೆಗೆ ಹೊರಳಿದ್ದು ಹೇಗೆ?

ಪ್ರಶ್ನೆ: ಭೂಪಟಪ್ರಿಯ

ಧ್ರುವಯಾತ್ರೆಗಳ ಇತಿಹಾಸವನ್ನು ಕೆಲವು ವರ್ಷಗಳಿಂದ ಬಿಡುವಾದಾಗ ಓದುತ್ತ ಬಂದಿದ್ದೇನೆ. ಬಹುತೇಕ ಯಾತ್ರಿಕರ ಬದುಕು ಒಂದು ನೇರ ಗೆರೆಯಲ್ಲಿ ಸಾಗುತ್ತದೆ: ಹೊರಟರು, ಕಷ್ಟಪಟ್ಟರು, ಏನನ್ನೋ ಕಂಡುಹಿಡಿದರು ಅಥವಾ ಅಲ್ಲಿಯೇ ಸತ್ತರು. ಆಸ್ಟ್ರಿಯಾ-ಹಂಗೇರಿಯ ನೌಕಾಧಿಕಾರಿ ಕಾರ್ಲ್ ವೈಪ್ರೆಕ್ಟ್‌ನ ಬಳಿಗೆ ಬಂದಾಗ ಮಾತ್ರ ಆ ಗೆರೆ ನನ್ನ ಕೈತಪ್ಪುತ್ತದೆ.

ನನಗೆ ತಿಳಿದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಆತ 1838ರಲ್ಲಿ ಇಂದಿನ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ, ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ ಹುಟ್ಟಿದವನು. 1856ರಲ್ಲಿ ಆಸ್ಟ್ರಿಯಾದ ನೌಕಾಪಡೆಯನ್ನು ಕೆಡೆಟ್ ಆಗಿ ಸೇರಿದ. 1866ರ ಜುಲೈ 20ರಂದು ಆಡ್ರಿಯಾಟಿಕ್ ಸಮುದ್ರದಲ್ಲಿ ನಡೆದ ಲಿಸ್ಸಾ ಕದನದಲ್ಲಿ ಡ್ರಾಖೆ ಎಂಬ ಕವಚನೌಕೆಯ ಕಪ್ತಾನ ಹೈನ್ರಿಷ್ ಫಾನ್ ಮೋಲ್ ಮಡಿದಾಗ ಹಡಗಿನ ಹೊಣೆ ಈತನ ಹೆಗಲಿಗೆ ಬಂತು. 1872ರಲ್ಲಿ ಅಡ್ಮಿರಲ್ ಟೆಗೆಟ್‌ಹಾಫ್ ಎಂಬ ಹಡಗಿನಲ್ಲಿ ಉತ್ತರ ಧ್ರುವ ಪ್ರದೇಶಕ್ಕೆ ಹೊರಟ ಆಸ್ಟ್ರಿಯಾ-ಹಂಗೇರಿಯ ಯಾತ್ರೆಯಲ್ಲಿ ಸಮುದ್ರದ ಮೇಲಿನ ನಾಯಕತ್ವ ಈತನದಾಗಿತ್ತು, ನೆಲದ ಮೇಲಿನ ನಾಯಕತ್ವ ಭೂಸೇನೆಯ ಅಧಿಕಾರಿ ಯೂಲಿಯುಸ್ ಪಾಯರ್‌ನದು. ಫ್ರಾನ್ಸ್ ಜೋಸೆಫ್ ದ್ವೀಪಸಮೂಹವನ್ನು ಕಂಡುಹಿಡಿದದ್ದು ಇದೇ ಯಾತ್ರೆ. 1874ರ ಸೆಪ್ಟೆಂಬರ್‌ನಲ್ಲಿ ಅವರು ವಿಯೆನ್ನಾಕ್ಕೆ ಮರಳಿದಾಗ ನಗರವೆಲ್ಲ ಬೀದಿಗಿಳಿದಿತ್ತು.

ನನ್ನ ಗೊಂದಲ ಇಲ್ಲಿಂದ ಶುರುವಾಗುತ್ತದೆ. ಆ ಜಯಘೋಷ ಕಿವಿಯಲ್ಲಿ ಇನ್ನೂ ಮೊಳಗುತ್ತಿದ್ದಿರಬೇಕು, ಅಷ್ಟರಲ್ಲೇ, ಅಂದರೆ 1875ರಲ್ಲಿ, ಆತ ವಿದ್ವಾಂಸರ ಸಭೆಗಳಲ್ಲಿ ನಿಂತು ಹೊಸ ನೆಲವನ್ನು ಕಂಡುಹಿಡಿಯುವುದು ಎರಡನೆಯ ದರ್ಜೆಯ ಕೆಲಸವೆಂದೂ ಉತ್ತರ ಧ್ರುವವೆಂಬ ಬಿಂದುವಿಗೆ ವಿಜ್ಞಾನದ ದೃಷ್ಟಿಯಲ್ಲಿ ವಿಶೇಷ ಬೆಲೆಯೇನೂ ಇಲ್ಲವೆಂದೂ ಹೇಳಿಬಿಟ್ಟ. ಉಳಿದ ಆರು ವರ್ಷಗಳ ಆಯುಷ್ಯವನ್ನೆಲ್ಲ ಹವಾಮಾನ ಮತ್ತು ಭೂಕಾಂತತ್ವದ ವೀಕ್ಷಣೆಗೆ ಹಲವು ರಾಷ್ಟ್ರಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ಸುರಿದ. ಯುದ್ಧನೌಕೆಯ ಅಧಿಕಾರಿಯೊಬ್ಬನಿಗೆ ಈ ದೃಷ್ಟಿ ಬಂದದ್ದು ಎಲ್ಲಿಂದ? ಇದು ಮನಸಾರೆ ನಂಬಿ ಆಡಿದ ಮಾತೋ, ಅಥವಾ ನಕ್ಷೆ ಬರೆದು ಹೆಸರು ಗಳಿಸಿದ ಪಾಯರ್‌ನ ಮೇಲಿನ ಅಸಮಾಧಾನ ವಿಜ್ಞಾನದ ವೇಷ ತೊಟ್ಟು ಬಂದದ್ದೋ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ದಿನಚರಿ

ನಿಮ್ಮ ಪ್ರಶ್ನೆಯಲ್ಲಿ ನೌಕಾಧಿಕಾರಿ ಬೇರೆ, ಹವಾಮಾನ ವೀಕ್ಷಕ ಬೇರೆ ಎಂಬ ಊಹೆಯೊಂದು ಅಡಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡರ ನಡುವೆ ಅಂಥ ಗೋಡೆ ಇರಲಿಲ್ಲ. ಹಡಗಿನಲ್ಲಿ ಪಹರೆಯ ಸರದಿ ಮುಗಿಸುವ ಅಧಿಕಾರಿ ಗಾಳಿಯ ದಿಕ್ಕು, ಅದರ ಬಲ, ವಾಯುಭಾರಮಾಪಕದ ಅಂಕಿ, ಉಷ್ಣಾಂಶ, ಮೋಡ, ಸಮುದ್ರದ ಸ್ಥಿತಿ ಎಲ್ಲವನ್ನೂ ದಿನಚರಿಯ ಪುಸ್ತಕದಲ್ಲಿ ಬರೆದೇ ಕೆಳಗಿಳಿಯಬೇಕಾಗಿತ್ತು. ಸಮುದ್ರದ ಹವಾಮಾನವನ್ನು ಏಕರೂಪದ ಪಟ್ಟಿಗಳಲ್ಲಿ ದಾಖಲಿಸಬೇಕೆಂದು 1853ರಲ್ಲಿ ಬ್ರಸೆಲ್ಸ್‌ನಲ್ಲಿ ಸಮ್ಮೇಳನ ಕೂಡುವಂತೆ ಮಾಡಿದ ಮ್ಯಾಥ್ಯೂ ಮೌರಿ ಅಮೆರಿಕದ ನೌಕಾಪಡೆಯ ಲೆಫ್ಟಿನೆಂಟ್. ಬ್ರಿಟನ್ನಿನ ಹವಾಮಾನ ಇಲಾಖೆಯನ್ನು 1854ರಿಂದ ಕಟ್ಟಿ ಬೆಳೆಸಿ, 1861ರಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆಯನ್ನು ಆರಂಭಿಸಿದ ರಾಬರ್ಟ್ ಫಿಟ್ಜ್‌ರಾಯ್ ಕೂಡ ನೌಕಾಧಿಕಾರಿಯೇ. ವೈಪ್ರೆಕ್ಟ್ ಈ ಸಾಲಿಗೆ ಸೇರಿದವನು. ಅವನು ತರಬೇತಿ ನೌಕೆಯಲ್ಲಿ ಕಿರಿಯರಿಗೆ ಪಾಠ ಹೇಳಿದ್ದಾನೆ, ಡಾಲ್ಮೇಶಿಯಾದ ಕರಾವಳಿಯ ಸರ್ವೇಕ್ಷಣೆಯಲ್ಲಿ ದುಡಿದಿದ್ದಾನೆ. ಉಪಕರಣವನ್ನು ನಂಬುವ ಮುನ್ನ ಅದರ ದೋಷವನ್ನು ಅಳೆಯುವ ಅಭ್ಯಾಸ ಅಂಥ ಕೆಲಸದಲ್ಲಿ ತಾನಾಗಿಯೇ ಕೈಗೆ ಹತ್ತುತ್ತದೆ.

ಆದರೆ ಪಹರೆಯ ಅಭ್ಯಾಸವೊಂದೇ ಅವನನ್ನು ಅಲ್ಲಿಗೆ ಮುಟ್ಟಿಸಲಿಲ್ಲ. ಎರಡು ಅನುಭವಗಳು ಅವನ ನಿಲುವನ್ನು ಬದಲಿಸಿದವು ಎಂಬುದು ನನ್ನ ಅಭಿಪ್ರಾಯ, ಮತ್ತು ಎರಡರಲ್ಲಿಯೂ ಮಂಜುಗಡ್ಡೆಯೇ ಅವನಿಗೆ ಗುರು.

ಮೊದಲನೆಯದು 1871 ಮತ್ತು 1872ರ ನಡುವಿನ ವ್ಯತ್ಯಾಸ. ಗಲ್ಫ್ ಪ್ರವಾಹದ ಬೆಚ್ಚಗಿನ ನೀರು ರಷ್ಯಾದ ಉತ್ತರದ ನೊವಾಯಾ ಜೆಮ್ಲ್ಯಾ ದ್ವೀಪಗಳ ಉತ್ತರಕ್ಕೂ ಹರಿಯುತ್ತದೆ, ಅದರ ದಾರಿ ಹಿಡಿದರೆ ಧ್ರುವದತ್ತ ತೆರೆದ ಸಮುದ್ರ ಸಿಗುತ್ತದೆ ಎಂದು ಗೋಥಾದ ಭೂಗೋಳಜ್ಞ ಆಗುಸ್ಟ್ ಪೀಟರ್‌ಮನ್ ಬಲವಾಗಿ ವಾದಿಸುತ್ತಿದ್ದ. ಅದನ್ನು ಪರೀಕ್ಷಿಸಲು ವೈಪ್ರೆಕ್ಟ್ ಮತ್ತು ಪಾಯರ್ 1871ರ ಬೇಸಿಗೆಯಲ್ಲಿ ಟ್ರೋಮ್ಸೋದಿಂದ ಇಸ್‌ಬ್ಯೋರ್ನ್ ಎಂಬ ಸಣ್ಣ ಬಾಡಿಗೆ ಹಡಗಿನಲ್ಲಿ ಹೊರಟರು. ಸ್ಪಿಟ್ಸ್‌ಬರ್ಗನ್ ಮತ್ತು ನೊವಾಯಾ ಜೆಮ್ಲ್ಯಾಗಳ ನಡುವೆ 78 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿದರು. ಮಂಜು ಅಲ್ಲಲ್ಲಿ ಸಡಿಲವಾಗಿತ್ತು, ನೀರು ತೆರೆದಿತ್ತು. ಆ ಒಂದು ಬೇಸಿಗೆಯ ಬಲದ ಮೇಲೆ ದೊಡ್ಡ ಯಾತ್ರೆಯ ಯೋಜನೆ ನಿಂತಿತು. ಮರುವರ್ಷ ಟೆಗೆಟ್‌ಹಾಫ್ ಹಡಗು 1872ರ ಜೂನ್ 13ರಂದು ಬ್ರೆಮರ್‌ಹಾಫನ್‌ನಿಂದ ಹೊರಟು, ಆಗಸ್ಟ್ 21ರ ಹೊತ್ತಿಗೆ ನೊವಾಯಾ ಜೆಮ್ಲ್ಯಾದ ಬಳಿ 76 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲೇ ಮಂಜಿನಲ್ಲಿ ಸಿಕ್ಕಿಕೊಂಡಿತು, ಮತ್ತೆಂದೂ ಬಿಡಿಸಿಕೊಳ್ಳಲಿಲ್ಲ. ಅದೇ ಕಡಲು, ಅದೇ ಋತು, ವರ್ಷ ಮಾತ್ರ ಬೇರೆ. ಒಂದು ಬೇಸಿಗೆಯ ನೋಟವನ್ನು ನಿಯಮವೆಂದು ಹಿಡಿದರೆ ಏನಾಗುತ್ತದೆ ಎಂಬುದನ್ನು ಅವನಿಗೆ ಪುಸ್ತಕ ಕಲಿಸಬೇಕಾಗಿರಲಿಲ್ಲ.

ಎರಡನೆಯದು ತೇಲುವಿಕೆ. ಸಿಕ್ಕಿಬಿದ್ದ ಹಡಗು ನಿಂತಲ್ಲಿ ನಿಲ್ಲಲಿಲ್ಲ. ಮಂಜುಬಂಡೆಯ ಸಮೇತ 1873ರ ಫೆಬ್ರವರಿಯವರೆಗೆ ಈಶಾನ್ಯಕ್ಕೂ ಆಮೇಲೆ ವಾಯವ್ಯಕ್ಕೂ ತೇಲುತ್ತ ಹೋಯಿತು. ಇಂಥ ಹಡಗಿನ ವಾಯುಭಾರಮಾಪಕ ಇಳಿದರೆ ಅದಕ್ಕೆ ಅರ್ಥವೇನು? ಹವೆ ಬದಲಾಯಿತೋ, ಹಡಗೇ ಬೇರೆ ಹವೆಯೊಳಗೆ ಸಾಗಿತೋ, ಅಥವಾ ಎರಡೂ ಸೇರಿದವೋ ಎಂಬುದನ್ನು ಒಂದೇ ಹಡಗಿನ ಅಂಕಿಗಳಿಂದ ಬಿಡಿಸಿ ಹೇಳಲಾಗದು. ಕಾಂತಸೂಜಿಯ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಬಂಡೆ ಮೆಲ್ಲಗೆ ತಿರುಗಿದರೂ ಸಾಕು, ಉಪಕರಣದ ಕೆಳಗಿನ ಆಧಾರವೇ ತಿರುಗಿಬಿಡುತ್ತದೆ. ಹಡಗು ಆ ಶರತ್ಕಾಲದಲ್ಲಿ ವಿಲ್ಚೆಕ್ ದ್ವೀಪದ ಬಳಿಯ ಕದಲದ ಮಂಜಿಗೆ ಅಂಟಿಕೊಂಡ ಮೇಲೆಯೇ, ಅಂದರೆ ಎರಡನೆಯ ಚಳಿಗಾಲದಲ್ಲಿ, ಹಡಗಿನ ಕಬ್ಬಿಣದಿಂದ ದೂರದಲ್ಲಿ ಹಿಮದ ಗುಡಿಸಲು ಕಟ್ಟಿ ವೈಪ್ರೆಕ್ಟ್ ಮತ್ತು ಹಡಗಿನ ಅಧಿಕಾರಿಗಳಾದ ಗುಸ್ಟಾಫ್ ಬ್ರೋಶ್, ಎಡುವಾರ್ಡ್ ಓರೆಲ್ ಕ್ರಮಬದ್ಧವಾಗಿ ಭೂಕಾಂತತ್ವವನ್ನು ಅಳೆದರು. ಪಾದರಸವೇ ಹೆಪ್ಪುಗಟ್ಟುವ ಚಳಿಯಲ್ಲಿ, ಬರಿಗೈಯಿಂದ ಮುಟ್ಟಿದರೆ ಚರ್ಮ ಕಿತ್ತುಬರುವ ಲೋಹದ ತಿರುಪುಗಳನ್ನು ಹೊಂದಿಸುತ್ತ ನಡೆದ ಕೆಲಸ ಅದು.

ಹೀಗಾಗಿ 1875ರಲ್ಲಿ ಅವನು ಆಡಿದ ಮಾತನ್ನು ನಾನು ಅಸಮಾಧಾನ ಎನ್ನಲಾರೆ. ಆ ವರ್ಷದ ಜನವರಿಯಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ, ಸೆಪ್ಟೆಂಬರ್ 18ರಂದು ಗ್ರಾಟ್ಸ್‌ನಲ್ಲಿ ಸೇರಿದ್ದ ಜರ್ಮನ್ ನಿಸರ್ಗ ವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ ಅವನು ಮಂಡಿಸಿದ ತತ್ತ್ವಗಳು ಆರು. ನಿಸರ್ಗದ ನಿಯಮಗಳನ್ನು ತಿಳಿಯಲು ಧ್ರುವಸಂಶೋಧನೆ ಅತ್ಯಂತ ಮಹತ್ವದ್ದು ಎಂಬಲ್ಲಿಂದ ಅವು ಆರಂಭವಾಗುತ್ತವೆ. ಭೌಗೋಳಿಕ ಶೋಧಕ್ಕೆ ಬೆಲೆಯಿರುವುದು ಅದು ವೈಜ್ಞಾನಿಕ ಕೆಲಸಕ್ಕೆ ನೆಲ ಹದಮಾಡಿಕೊಡುವಷ್ಟರ ಮಟ್ಟಿಗೆ ಮಾತ್ರ, ಧ್ರುವಬಿಂದುವು ಎತ್ತರದ ಅಕ್ಷಾಂಶದ ಬೇರಾವುದೇ ಬಿಂದುವಿಗಿಂತ ಮೇಲಲ್ಲ, ಅಧ್ಯಯನದ ವಿದ್ಯಮಾನ ಎಲ್ಲಿ ತೀವ್ರವಾಗಿದೆಯೋ ಅಲ್ಲಿ ಕೇಂದ್ರವಿರಬೇಕು ಎಂದು ಮುಂದುವರಿಯುತ್ತವೆ. ಬಿಡಿಬಿಡಿಯಾದ ವೀಕ್ಷಣಾ ಸರಣಿಗಳಿಗೆ ಸಾಪೇಕ್ಷ ಬೆಲೆಯಷ್ಟೇ ಇದೆ ಎಂಬುದು ಕೊನೆಯದು. ಆ ಕೊನೆಯ ಮಾತನ್ನು ಓದುವಾಗ ನನಗೆ ಕಾಣುವುದು ಅವನು ಎಲ್ಲಕ್ಕಿಂತ ಮೊದಲು ತನ್ನ ಸ್ವಂತ ಎರಡು ಚಳಿಗಾಲಗಳ ಶ್ರಮಕ್ಕೆ ಬೆಲೆ ಕಟ್ಟುತ್ತಿರುವುದು.

ಉತ್ತರ: ಕಾಂತಸೂಜಿ

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೆ ವೈಪ್ರೆಕ್ಟ್‌ನನ್ನು ಹವಾಮಾನ ವಿಜ್ಞಾನಿ ಎಂದು ಸಲೀಸಾಗಿ ಕರೆಯುವುದಕ್ಕೆ ನನ್ನ ತಕರಾರಿದೆ. ಅವನು ಸ್ವತಃ ಬರೆದ ವೈಜ್ಞಾನಿಕ ಕೃತಿಗಳನ್ನು ನೋಡಿ. ವಿಯೆನ್ನಾದ ಅಕಾಡೆಮಿ 1878ರಲ್ಲಿ ಪ್ರಕಟಿಸಿದ ಯಾತ್ರೆಯ ವೀಕ್ಷಣೆಗಳಲ್ಲಿ ಅವನ ಕೈ ಎದ್ದು ಕಾಣುವುದು ಭೂಕಾಂತತ್ವ ಮತ್ತು ಧ್ರುವಪ್ರಭೆಗಳಲ್ಲಿ. ಧ್ರುವಪ್ರಭೆಯ ಕಿರಣಗಳ ಚಲನೆ ಚುರುಕಾದಷ್ಟೂ, ಅವುಗಳ ಬಣ್ಣ ಕಡುವಾದಷ್ಟೂ ಕಾಂತಸೂಜಿಯ ಕಲಕಾಟ ಹೆಚ್ಚುತ್ತದೆ ಎಂಬುದನ್ನು ಅವನು ಗಮನಿಸಿ ಬರೆದ. 1879ರಲ್ಲಿ ಬಂದ ಅವನ ಪುಸ್ತಕದ ವಿಷಯ ಧ್ರುವದ ಮಂಜುಗಡ್ಡೆ ಹುಟ್ಟಿ, ಒಡೆದು, ಒಂದರ ಮೇಲೊಂದು ಏರಿ, ಕರಗುವ ಬಗೆ. ಮಂಜಿನ ಒತ್ತಡಕ್ಕೆ ಹಡಗಿನ ಪಕ್ಕೆಗಳು ನರಳುವುದನ್ನು ತಿಂಗಳುಗಟ್ಟಲೆ ಕೇಳಿದವನಷ್ಟೇ ಬರೆಯಬಹುದಾದ ಪುಸ್ತಕ ಅದು. ಮೊದಲ ಚಳಿಗಾಲದಲ್ಲಿ ಯಾವ ಗಳಿಗೆಯಲ್ಲಾದರೂ ಹಡಗು ಬಿಡಬೇಕಾದೀತೆಂದು ಅವರು ಉಡುಪು ಕಳಚದೆ ಮಲಗುತ್ತಿದ್ದರು.

ಹವಾಮಾನಕ್ಕೆ ಅವನು ಕೊಟ್ಟದ್ದು ಸಿದ್ಧಾಂತವಲ್ಲ, ವ್ಯವಸ್ಥೆ. ಎಲ್ಲ ಕೇಂದ್ರಗಳೂ ಒಂದೇ ಕಾಲದಲ್ಲಿ, ಒಂದೇ ವಿಧಾನದಲ್ಲಿ, ಒಂದು ಇಡೀ ವರ್ಷ ಅಳೆಯಬೇಕೆಂಬ ಕಟ್ಟಳೆ ಅವನ ನಿಜವಾದ ಕೊಡುಗೆ. ಇದು ನೌಕಾಪಡೆಯ ಮನಸ್ಸಿಗೆ ಸಹಜವಾಗಿ ಹೊಳೆಯುವ ಯೋಚನೆ: ದೂರದೂರದ ಹಡಗುಗಳು ಒಂದೇ ಆದೇಶದ ಪ್ರಕಾರ, ಒಂದೇ ಗಡಿಯಾರಕ್ಕೆ ತಕ್ಕಂತೆ ನಡೆಯುವಂತೆ ವೀಕ್ಷಣಾ ಕೇಂದ್ರಗಳೂ ನಡೆಯಬೇಕು. ಯುದ್ಧಕ್ಕೆ ಬಳಕೆಯಾಗುತ್ತಿದ್ದ ಶಿಸ್ತನ್ನು ಅವನು ವಾಯುಭಾರಮಾಪಕಕ್ಕೆ ಹೊಂದಿಸಿದ, ಅಷ್ಟೆ. ಇದನ್ನು ಅವನ ಹೆಸರಿಗೆ ಕುಂದು ತರಲು ಹೇಳುತ್ತಿಲ್ಲ.

ಆ ವ್ಯವಸ್ಥೆ ಕೈಗೂಡಿದ ಬಗೆಯನ್ನೂ ಹೇಳಬೇಕು. ಯಾತ್ರೆಗೆ ಹಣ ಒದಗಿಸಿದವರಲ್ಲಿ ಪ್ರಮುಖನಾಗಿದ್ದ ಕೌಂಟ್ ಹಾನ್ಸ್ ವಿಲ್ಚೆಕ್ ಇಲ್ಲಿಯೂ ಅವನ ಬೆನ್ನಿಗೆ ನಿಂತ. ಇಬ್ಬರೂ ಸೇರಿ 1877ರಲ್ಲಿ ಅಂತರರಾಷ್ಟ್ರೀಯ ಹವಾಮಾನ ಸಮ್ಮೇಳನಕ್ಕಾಗಿ ಯೋಜನೆಯನ್ನು ಸಿದ್ಧಪಡಿಸಿದರು. ರಷ್ಯಾ ಮತ್ತು ತುರ್ಕಿಯ ಯುದ್ಧದಿಂದಾಗಿ ಸಮ್ಮೇಳನವೇ ಮುಂದೆ ಹೋಗಿ 1879ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ಕೂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಗಿಯೋರ್ಗ್ ಫಾನ್ ನಾಯ್ಮಾಯರ್‌ನ ಮುಂದಾಳತ್ವದಲ್ಲಿ ಮೊದಲ ಧ್ರುವ ಸಮ್ಮೇಳನ, 1880ರಲ್ಲಿ ಬರ್ನ್‌ನಲ್ಲಿ ಎರಡನೆಯದು. 1881ರ ಆಗಸ್ಟ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೂರನೆಯದು ಸೇರುವ ಹೊತ್ತಿಗೆ ವೈಪ್ರೆಕ್ಟ್ ಬದುಕಿರಲಿಲ್ಲ. ಆ ವರ್ಷದ ಮಾರ್ಚ್ 29ರಂದು ಕ್ಷಯರೋಗದಿಂದ ಮಿಶೆಲ್‌ಸ್ಟಾಟ್‌ನಲ್ಲಿ ತೀರಿಕೊಂಡಿದ್ದ. ಅವನಿಗೆ ನಲವತ್ತೆರಡು ವರ್ಷ.

ಭೂಪಟಪ್ರಿಯ

ಇಬ್ಬರಿಗೂ ಕೃತಜ್ಞತೆಗಳು. ತೇಲುವ ಹಡಗಿನ ವಾಯುಭಾರಮಾಪಕದ ವಿಷಯ ನನಗೆ ಹೊಳೆದೇ ಇರಲಿಲ್ಲ. ಆದರೂ ಎರಡು ಸಂಗತಿಗಳು ಉಳಿದಿವೆ. ಪಾಯರ್ ಮತ್ತು ವೈಪ್ರೆಕ್ಟ್‌ರ ನಡುವಿನ ಸಂಬಂಧದ ಬಗ್ಗೆ ಇಬ್ಬರೂ ಹೆಚ್ಚು ಹೇಳಲಿಲ್ಲ. ಜೊತೆಗೆ, ಅವನು ಸತ್ತ ಮೇಲೆ ನಡೆದ ಧ್ರುವವರ್ಷ, ಅಂದರೆ ಹಲವು ರಾಷ್ಟ್ರಗಳು ಒಂದು ವರ್ಷ ಏಕಕಾಲದಲ್ಲಿ ಮಾಡಿದ ಧ್ರುವವೀಕ್ಷಣೆ, ಅವನ ನಿರೀಕ್ಷೆಯಂತೆ ನಡೆಯಿತೇ? ನಡೆದಿದ್ದರೆ ಅವನ ಹೆಸರು ಇಷ್ಟೊಂದು ಮರೆಗೆ ಸರಿದದ್ದೇಕೆ?

ಉತ್ತರ: ಮಂಜಿನ ದಾರಿ

ಪಾಯರ್‌ನ ವಿಷಯದಿಂದಲೇ ಆರಂಭಿಸುತ್ತೇನೆ. ಇಬ್ಬರ ನಡುವೆ ಬಿರುಕು ಇದ್ದದ್ದು ನಿಜ, ಹಡಗಿನಲ್ಲಿಯೇ ಅದು ಬೆಳೆಯಿತು ಎಂಬುದೂ ನಿಜ. ಒಂದೇ ಯಾತ್ರೆಗೆ ಇಬ್ಬರು ನಾಯಕರನ್ನು ನೇಮಿಸಿ, ಒಬ್ಬನಿಗೆ ನೀರು, ಇನ್ನೊಬ್ಬನಿಗೆ ನೆಲ ಎಂದು ಹಂಚಿಕೊಟ್ಟ ಮೇಲೆ, ಎರಡೂ ಅಲ್ಲದ ಮಂಜಿನ ಮೇಲೆ ಎರಡು ವರ್ಷ ಕಳೆಯಬೇಕಾಗಿ ಬಂದರೆ ಬೇರೇನಾದೀತು? ಆದರೆ ಇಬ್ಬರ ಕೆಲಸದ ಸ್ವಭಾವವೂ ಬೇರೆಬೇರೆಯಾಗಿತ್ತು. 1874ರ ವಸಂತದಲ್ಲಿ ಪಾಯರ್ ಜಾರುಬಂಡಿಗಳಲ್ಲಿ ಹೊಸ ದ್ವೀಪಗಳ ನಡುವೆ ಸಾಗಿ ಏಪ್ರಿಲ್ 12ರಂದು, ತನ್ನ ಅಳತೆಯ ಪ್ರಕಾರ 82 ಡಿಗ್ರಿ 5 ಮಿನಿಟು ಅಕ್ಷಾಂಶದಲ್ಲಿದ್ದ, ಫ್ಲೀಗೆಲಿ ಭೂಶಿರವನ್ನು ಮುಟ್ಟಿದ. ಅದೇ ವೇಳೆಗೆ ವೈಪ್ರೆಕ್ಟ್ ಹಡಗಿನ ಬಳಿಯಲ್ಲಿ ಉಳಿದು ಅಂಕಿಗಳನ್ನು ಬರೆದುಕೊಳ್ಳುತ್ತ, ಮರಳುವ ದಾರಿಯ ಸಿದ್ಧತೆ ಮಾಡುತ್ತಿದ್ದ. ಒಬ್ಬನ ಕೆಲಸ ಭೂಪಟದಲ್ಲಿ ಹೆಸರಾಗಿ ಉಳಿಯಿತು, ಇನ್ನೊಬ್ಬನದು ಪಟ್ಟಿಗಳಲ್ಲಿ ಅಂಕಿಯಾಗಿ ಉಳಿಯಿತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1875ರಲ್ಲಿ ಇಬ್ಬರಿಗೂ ಚಿನ್ನದ ಪದಕ ಕೊಟ್ಟಿತು. ಹಾಗಿದ್ದೂ ವಿಯೆನ್ನಾದಲ್ಲಿ ಪಾಯರ್‌ನ ಶೋಧವನ್ನೇ ಶಂಕಿಸಿದವರಿದ್ದರು. ಆತ ಬೇಸತ್ತು ಸೇನೆಗೆ ರಾಜೀನಾಮೆ ಕೊಟ್ಟು ಚಿತ್ರಕಾರನಾದ. ಹೆಸರು ಗಳಿಸಿದವನ ಸ್ಥಿತಿಯೇ ಹೀಗಿದ್ದಾಗ ಅವನ ಮೇಲೆ ಅಸೂಯೆಪಡಲು ಕಾರಣ ಕಡಿಮೆ.

ಒಂದು ಘಟನೆಯನ್ನು ಇಲ್ಲಿ ವಿಸ್ತಾರವಾಗಿ ಹೇಳುವುದು ಸೂಕ್ತ, ಏಕೆಂದರೆ ವೈಪ್ರೆಕ್ಟ್ ನೌಕಾಧಿಕಾರಿಯಾಗಿ ಎಂಥವನು ಎಂಬುದು ಕದನಕ್ಕಿಂತ ಹೆಚ್ಚಾಗಿ ಇದರಲ್ಲಿ ಕಾಣುತ್ತದೆ. 1874ರ ಮೇ 20ರಂದು ಅವರು ಹಡಗನ್ನು ಬಿಟ್ಟು ದೋಣಿಗಳನ್ನು ಜಾರುಬಂಡಿಗಳ ಮೇಲೇರಿಸಿ ದಕ್ಷಿಣಕ್ಕೆ ಎಳೆಯತೊಡಗಿದರು. ಹೊರಟಾಗ ಇದ್ದ 24 ಜನರಲ್ಲಿ ಎಂಜಿನಿಯರ್ ಓಟೊ ಕ್ರಿಷ್ ಮಾರ್ಚ್‌ನಲ್ಲಿ ಕ್ಷಯದಿಂದ ಸತ್ತು ವಿಲ್ಚೆಕ್ ದ್ವೀಪದಲ್ಲಿ ಸಮಾಧಿಯಾಗಿದ್ದ, ಉಳಿದವರು 23. ಅವರು ದಕ್ಷಿಣಕ್ಕೆ ಎಳೆದಷ್ಟೂ ಗಾಳಿ ಮಂಜನ್ನು ಉತ್ತರಕ್ಕೆ ತಳ್ಳುತ್ತಿತ್ತು. ಎರಡು ತಿಂಗಳ ಬೆವರು ಸುರಿಸಿದ ಮೇಲೆ ಲೆಕ್ಕಹಾಕಿದರೆ ಬಿಟ್ಟುಬಂದ ಹಡಗಿನಿಂದ ಅವರು ಬಂದಿದ್ದ ದೂರ ಸುಮಾರು 15 ಕಿಲೋಮೀಟರ್. ಮರಳಿ ಹಡಗಿಗೆ ಹೋಗುವ ಆಸೆ ಯಾರಿಗಾದರೂ ಬರುವ ಗಳಿಗೆ ಅದು. ಅಲ್ಲಿ ಸೂರಿದೆ, ಉಳಿದ ಆಹಾರವಿದೆ. ಆದರೆ ಮೂರನೆಯ ಚಳಿಗಾಲವನ್ನು ಅಲ್ಲಿ ಕಳೆದರೆ ಯಾರೂ ಉಳಿಯುವುದಿಲ್ಲ ಎಂಬುದನ್ನು ವೈಪ್ರೆಕ್ಟ್ ಅರಿತಿದ್ದ. ಬೇಸಿಗೆ ಮುಂದುವರಿದಂತೆ ಮಂಜು ಸಡಿಲವಾಗಲೇಬೇಕು ಎಂಬ ಲೆಕ್ಕಾಚಾರವನ್ನು ಹಿಡಿದು, ಹೆಚ್ಚಾಗಿ ಆಡ್ರಿಯಾಟಿಕ್ ತೀರದವರಾಗಿದ್ದ ತನ್ನ ನಾವಿಕರನ್ನು ಅವನು ಮುನ್ನಡೆಸಿದ. ಆಗಸ್ಟ್ 15ರಂದು ತೆರೆದ ನೀರು ಸಿಕ್ಕಿತು. ಆಗಸ್ಟ್ 24ರಂದು ನೊವಾಯಾ ಜೆಮ್ಲ್ಯಾದ ತೀರದಲ್ಲಿ ಫಿಯೊಡೊರ್ ವೊರೊನಿನ್ ಎಂಬ ರಷ್ಯನ್ ಕಪ್ತಾನನ ನಿಕೊಲಾಯ್ ಹಡಗು ಅವರನ್ನು ಹತ್ತಿಸಿಕೊಂಡಿತು. ಸೆಪ್ಟೆಂಬರ್ 3ರಂದು ನಾರ್ವೆಯ ವಾರ್ಡೋ ತಲುಪಿದರು. ವೀಕ್ಷಣೆಯ ದಾಖಲೆಗಳೂ ಅವರ ಜೊತೆಯಲ್ಲೇ ಬಂದವು. ಒಂದೊಂದು ಸೇರಿನ ಭಾರಕ್ಕೂ ಲೆಕ್ಕವಿದ್ದ ಆ ದೋಣಿಗಳಲ್ಲಿ ಕಾಗದಕ್ಕೆ ಜಾಗ ಸಿಕ್ಕಿತ್ತು ಎಂಬುದನ್ನು ಗಮನಿಸಿ. ಮಂಜು ಬೇಸಿಗೆಯ ಕೊನೆಗೆ ಹೇಗೆ ವರ್ತಿಸುತ್ತದೆ ಎಂಬ ಅರಿವು ಆ ಬೇಸಿಗೆಯಲ್ಲಿ 23 ಜೀವಗಳನ್ನು ಉಳಿಸಿತು. ಹವಾಮಾನದ ವಿದ್ಯೆ ಅವನಿಗೆ ಕೊಠಡಿಯ ವಿದ್ಯೆಯಾಗಿರಲಿಲ್ಲ ಎನ್ನಲು ಇದಕ್ಕಿಂತ ಹೆಚ್ಚಿನದು ನನಗೆ ಬೇಕಿಲ್ಲ.

ಇನ್ನು ಧ್ರುವವರ್ಷ. ಅದು 1882ರ ಆಗಸ್ಟ್ 1ರಂದು ಆರಂಭವಾಗಿ ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ನಡೆಯಿತು. ಹನ್ನೊಂದು ರಾಷ್ಟ್ರಗಳು ಪಾಲ್ಗೊಂಡವು. ಉತ್ತರದಲ್ಲಿ ಹನ್ನೆರಡು, ದಕ್ಷಿಣದಲ್ಲಿ ಎರಡು ಕೇಂದ್ರಗಳನ್ನು ಯೋಜಿಸಲಾಯಿತು. ಅಮೆರಿಕನ್ನರು ಅಲಾಸ್ಕಾದ ಪಾಯಿಂಟ್ ಬ್ಯಾರೋದಲ್ಲಿಯೂ ಎಲ್ಸ್‌ಮಿಯರ್ ದ್ವೀಪದ ಲೇಡಿ ಫ್ರಾಂಕ್ಲಿನ್ ಕೊಲ್ಲಿಯಲ್ಲಿಯೂ, ರಷ್ಯನ್ನರು ಲೇನಾ ನದಿಯ ಮುಖಜಭೂಮಿಯಲ್ಲಿಯೂ ನೊವಾಯಾ ಜೆಮ್ಲ್ಯಾದಲ್ಲಿಯೂ, ಸ್ವೀಡನ್ನಿನವರು ಸ್ಪಿಟ್ಸ್‌ಬರ್ಗನ್‌ನಲ್ಲಿಯೂ, ಫ್ರೆಂಚರು ದಕ್ಷಿಣದ ಕೇಪ್ ಹಾರ್ನ್ ಬಳಿಯಲ್ಲಿಯೂ, ಜರ್ಮನ್ನರು ಬ್ಯಾಫಿನ್ ದ್ವೀಪದ ಜೊತೆಗೆ ದಕ್ಷಿಣ ಜಾರ್ಜಿಯಾದಲ್ಲಿಯೂ ಕೇಂದ್ರ ಹೂಡಿದರು. ಗಂಟೆಗೊಮ್ಮೆ ವೀಕ್ಷಣೆ, ತಿಂಗಳ 1 ಮತ್ತು 15ನೆಯ ತಾರೀಖಿನಂದು ಕಾಂತಸೂಜಿಯನ್ನು ಐದೈದು ನಿಮಿಷಕ್ಕೊಮ್ಮೆ, ಆ ದಿನದ ಒಂದು ಗೊತ್ತಾದ ಗಂಟೆಯಲ್ಲಂತೂ ಇಪ್ಪತ್ತು ಸೆಕೆಂಡಿಗೊಮ್ಮೆ ಓದಬೇಕು ಎಂಬ ಕಟ್ಟಳೆ.

ಎಲ್ಲವೂ ಅವನ ಆಶಯದಂತೆ ನಡೆಯಿತೆಂದು ಹೇಳಲಾಗದು. ಡಚ್ಚರ ವಾರ್ನಾ ಹಡಗು ಕಾರಾ ಸಮುದ್ರದಲ್ಲಿ ಮಂಜಿಗೆ ಸಿಕ್ಕಿ ಕೊನೆಗೆ ಮುಳುಗಿತು, ಅದರ ವೀಕ್ಷಕರು ಟೆಗೆಟ್‌ಹಾಫ್‌ನವರಂತೆಯೇ ತೇಲುವ ಮಂಜಿನ ಮೇಲಿಂದ ಅಂಕಿ ಬರೆದುಕೊಂಡರು. ಲೇಡಿ ಫ್ರಾಂಕ್ಲಿನ್ ಕೊಲ್ಲಿಯ ಕಥೆ ಇನ್ನೂ ಕಹಿ. ಅಡಾಲ್ಫಸ್ ಗ್ರೀಲಿಯ ನೇತೃತ್ವದ ಆ ತಂಡ ವೀಕ್ಷಣೆಯನ್ನು ನಿಷ್ಠೆಯಿಂದ ನಡೆಸಿತು, ನಿಜ. ಆದರೆ ಅದರ ಮೂವರು 1882ರ ಮೇ ತಿಂಗಳಲ್ಲಿ 83 ಡಿಗ್ರಿ 24 ಮಿನಿಟುಗಳವರೆಗೆ ಹೋಗಿ ಅತ್ಯುತ್ತರದ ದಾಖಲೆಯನ್ನು ಬ್ರಿಟಿಷರಿಂದ ಕಿತ್ತುಕೊಂಡರು. ಯಾವ ಓಟವನ್ನು ನಿಲ್ಲಿಸಬೇಕೆಂದು ವೈಪ್ರೆಕ್ಟ್ ಹೇಳಿದ್ದನೋ ಅದೇ ಓಟ ಅವನ ಯೋಜನೆಯ ಒಳಗಿನಿಂದಲೇ ನಡೆದುಹೋಯಿತು. ನೆರವಿನ ಹಡಗುಗಳು ಎರಡು ಬೇಸಿಗೆ ತಲುಪದೆ ಹೋದವು. 25 ಜನರಲ್ಲಿ ಮನೆ ಮುಟ್ಟಿದವರು ಆರು. ಪತ್ರಿಕೆಗಳಲ್ಲಿ ಮೊದಲ ಧ್ರುವವರ್ಷ ಎಂದರೆ ಗ್ರೀಲಿಯ ದುರಂತ ಎಂದಾಯಿತು. ಹೆಸರು ಮರೆಗೆ ಸರಿಯಲು ಅದೊಂದು ಕಾರಣವೆನ್ನಬಹುದು.

ಉತ್ತರ: ಕಾಂತಸೂಜಿ

ಇನ್ನೊಂದು ಕಾರಣವನ್ನು ನಾನು ಸೇರಿಸುತ್ತೇನೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಅಳೆಯುವುದಕ್ಕೆ ಇದ್ದ ಒಪ್ಪಂದ ಅಳತೆಗಳನ್ನು ಒಟ್ಟಿಗೆ ಕೂಡಿಸಿ ನೋಡುವುದಕ್ಕೆ ಇರಲಿಲ್ಲ. ಪ್ರತಿ ರಾಷ್ಟ್ರವೂ ತನ್ನ ಕೇಂದ್ರದ ಫಲಿತಾಂಶಗಳನ್ನು ತನ್ನ ಭಾಷೆಯಲ್ಲಿ, ತನ್ನ ವೇಗದಲ್ಲಿ, ದಪ್ಪ ದಪ್ಪ ಸಂಪುಟಗಳಾಗಿ ಅಚ್ಚುಹಾಕಿತು. ಬ್ರಿಟನ್ನಿನ ಹವಾಮಾನ ಕಚೇರಿ ಅದೇ ಅವಧಿಗೆ ಉತ್ತರ ಅಟ್ಲಾಂಟಿಕ್‌ನ ದಿನದಿನದ ಹವಾನಕ್ಷೆಗಳನ್ನು ಹಡಗುಗಳ ದಿನಚರಿಗಳಿಂದ ಸಿದ್ಧಪಡಿಸಿತು. ಅದನ್ನು ಬಿಟ್ಟರೆ ಧ್ರುವದ ಸುತ್ತಲಿನ ಅಂಕಿಗಳನ್ನೆಲ್ಲ ಒಂದೇ ಚಿತ್ರವಾಗಿ ಕೂಡಿಸುವ ಪ್ರಯತ್ನ ಆ ತಲೆಮಾರಿನಲ್ಲಿ ಆಗಲಿಲ್ಲ. ಬಿಡಿ ಸರಣಿಗಳಿಗೆ ಬೆಲೆ ಕಡಿಮೆ ಎಂದವನ ವರ್ಷದ ಫಲ ಹದಿನಾಲ್ಕು ಬಿಡಿ ಸರಣಿಗಳಾಗಿ ಗ್ರಂಥಾಲಯ ಸೇರಿತು. ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ನಾಲ್ಕನೆಯ ಬಾರಿಗೆ, ಅಂದರೆ 2007–08ರಲ್ಲಿ ಧ್ರುವವರ್ಷ ನಡೆಯುವ ಹೊತ್ತಿಗೆ, ಅಮೆರಿಕದ ಸಂಶೋಧಕರು ಆ ಹಳೆಯ ಸಂಪುಟಗಳ ಉಷ್ಣಾಂಶ ಮತ್ತು ವಾಯುಭಾರದ ಅಂಕಿಗಳನ್ನು ಗಣಕಕ್ಕೆ ತುಂಬಿ ಒಟ್ಟಿಗೆ ನೋಡಿದರು. ಇಲ್ಲಿ ಮೂರನೆಯ ಬಾರಿ ಎಂದು ನಾನು ಎಣಿಸುವುದು 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು. ಅದು ಧ್ರುವಗಳಿಗೆ ಸೀಮಿತವಾಗಿರಲಿಲ್ಲ, ಆದರೆ ಮೊದಲನೆಯ ಮತ್ತು 1932–33ರ ಎರಡನೆಯ ಧ್ರುವವರ್ಷಗಳ ನೇರ ಸಂತಾನ.

ಸಣ್ಣದೊಂದು ಪುರವಣಿ. ಕಾಂತಸೂಜಿಯ ಆ ಗೊತ್ತಾದ ದಿನಗಳ ಸಮಯವನ್ನು ಎಲ್ಲ ಕೇಂದ್ರಗಳೂ ಜರ್ಮನಿಯ ಗೊಟ್ಟಿಂಗನ್ ನಗರದ ಗಡಿಯಾರದ ಪ್ರಕಾರ ಹಿಡಿದವು. ಗ್ರೀನಿಚ್ ಸಮಯ ಇನ್ನೂ ಜಗತ್ತಿನ ಒಪ್ಪಿಗೆ ಪಡೆದಿರಲಿಲ್ಲ, ಆ ಸಮ್ಮೇಳನ ನಡೆದದ್ದು 1884ರಲ್ಲಿ. ಗೊಟ್ಟಿಂಗನ್ನನ್ನು ಆರಿಸಿಕೊಂಡದ್ದಕ್ಕೆ ಹಿನ್ನೆಲೆ ಗಣಿತಜ್ಞ ಗೌಸ್ ಮತ್ತು ಭೌತವಿಜ್ಞಾನಿ ವೇಬರ್ 1830ರ ದಶಕದಲ್ಲಿ ಅಲ್ಲಿಂದ ನಡೆಸಿದ ಏಕಕಾಲಿಕ ಕಾಂತವೀಕ್ಷಣೆಯ ಕೂಟ. ಏಕಕಾಲದ ವೀಕ್ಷಣೆ ವೈಪ್ರೆಕ್ಟ್‌ನ ಸ್ವಂತ ಆವಿಷ್ಕಾರವೇನೂ ಅಲ್ಲ ಎಂಬುದಕ್ಕೂ ಇದೇ ಸಾಕ್ಷಿ; ಅದನ್ನು ಊರುಗಳ ವೀಕ್ಷಣಾಲಯಗಳಿಂದ ಎತ್ತಿ ಮಂಜಿನ ನಡುವಿಗೆ ಒಯ್ದದ್ದು ಅವನು.

ಉತ್ತರ: ಹಳೆಯ ದಿನಚರಿ

"ಹವಾಮಾನ ವಿಜ್ಞಾನಿ" ಎಂಬ ಪದದ ಬಗ್ಗೆ ಕಾಂತಸೂಜಿಯವರ ತಕರಾರನ್ನು ಒಪ್ಪುತ್ತೇನೆ. ವ್ಯವಸ್ಥಾಪಕ ಎಂಬುದೇ ಹೆಚ್ಚು ನಿಖರ. ಆದರೆ ಆ ಕಾಲದ ಹವಾಮಾನ ವಿಜ್ಞಾನದ ಅರ್ಧ ಕೆಲಸ ವ್ಯವಸ್ಥೆಯದೇ ಆಗಿತ್ತು ಎಂಬುದನ್ನೂ ಮರೆಯಬಾರದು. ಒಬ್ಬನೇ ಕುಳಿತು ಎಷ್ಟು ಜಾಣತನದಿಂದ ಅಳೆದರೂ ಬಿರುಗಾಳಿಯೊಂದರ ಆಕಾರ ಕಾಣುವುದಿಲ್ಲ, ಅದಕ್ಕೆ ನೂರು ಕಡೆಯ ಕಣ್ಣು ಬೇಕು.

ಭೂಪಟಪ್ರಿಯರು ಕೇಳಿದ ವೃತ್ತಿಜೀವನದ ಎಳೆ ಜಾನ್ ಮಾಯೆನ್ ದ್ವೀಪದಲ್ಲಿ ಮುಂದುವರಿಯುತ್ತದೆ. ಆಸ್ಟ್ರಿಯಾ-ಹಂಗೇರಿಯ ಕೇಂದ್ರ ಅಲ್ಲಿತ್ತು. ವೆಚ್ಚ ವಿಲ್ಚೆಕ್‌ನದು, ಜನರನ್ನು ಕರೆದೊಯ್ದದ್ದು ನೌಕಾಪಡೆಯ ಪೋಲಾ ಹಡಗು, ಕೇಂದ್ರದ ಮುಖ್ಯಸ್ಥ ಎಮಿಲ್ ಫಾನ್ ವೋಲ್‌ಗೆಮುಟ್ ಕೂಡ ನೌಕಾಧಿಕಾರಿಯೇ. ವೈಪ್ರೆಕ್ಟ್ ತೀರಿಕೊಂಡು ಹದಿನಾರು ತಿಂಗಳಾಗಿದ್ದವು. ಹಡಗಿನ ಪಹರೆಯನ್ನು ಹಂಚಿಕೊಳ್ಳುವಂತೆಯೇ ಅವರು ಗಂಟೆಗಳನ್ನು ಹಂಚಿಕೊಂಡು, ಒಂದು ವರ್ಷ ಕಾಲ, ಒಬ್ಬರಾದ ಮೇಲೊಬ್ಬರು ಎದ್ದು ಹೋಗಿ ವಾಯುಭಾರಮಾಪಕವನ್ನು ಓದಿ ಬಂದರು.